ಸಹನಳ ಅರ್ಜಿ

"ಅರ್ಜಿ ಇಲ್ಲಿ ಕೊಡಮ್ಮ, ನಾನೇ ಕೊಟ್ಟು ಬರ್ತೀನಿ," ಎಂದು ಪಂಚಾಯ್ತಿ ಮೆಂಬರ್ ಚನ್ನರಾಯಪ್ಪ ಬೈಕನ್ನು ದಾರಿಗೆ ಅಡ್ಡ ನಿಲ್ಲಿಸಿದ.

ರಮ್ಯ ಫೈಲನ್ನು ಎದೆಗೆ ಒತ್ತಿಕೊಂಡಳು. ಮತದಾರರ ಪಟ್ಟಿ ತಿದ್ದುವ ಗಡುವು ಅಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಆಗಲೇ ನಾಲ್ಕೂವರೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತು ದಿನದಿಂದ ಅವಳಿಗೆ ಹಸಿವು ಕೂಡ ಸರಿಯಾಗಿ ಬರುತ್ತಿರಲಿಲ್ಲ.

"ಪೋನೀ, ಹೋಗ್ಲಿ ಬಿಡಮ್ಮ. ಅವಳದೊಂದು ಹೆಸರಿಂದ ನಿನಗೇನಾಗ್ಬೇಕು?"

ರಮ್ಯ ಬೈಕಿನ ಪಕ್ಕದಿಂದ ನುಸುಳಿದಳು. ಶ್ರೀನಿವಾಸಪುರದ ಕಾಲೇಜಿನ ಕಬಡ್ಡಿ ತಂಡದಲ್ಲಿ ಅವಳು ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುವವಳು. ನುಸುಳುವುದೇನಿದ್ದರೂ ಸಹನಳ ಕೆಲಸ. ಸಹನ ತಂಡದ ನಾಯಕಿ, ರೈಡರ್, ಮಹಾ ಬಾಯಿಬಡುಕಿ. ಇಬ್ಬರದೂ ಒಂದೇ ಊರು.

ಆ ಊರಿನಲ್ಲಿ ಊರು ಬಿಟ್ಟವರೂ ಲೋಕ ಬಿಟ್ಟವರೂ ಪ್ರತಿ ಚುನಾವಣೆಗೆ ತಪ್ಪದೆ ಬಂದು ಚನ್ನರಾಯಪ್ಪನಿಗೆ ಓಟು ಹಾಕಿ ಹೋಗುತ್ತಿದ್ದರು. ಹೋದ ಸಲ ಅವನು ಗೆದ್ದದ್ದು ಮೂರೇ ಓಟಿನಿಂದ. ಇದನ್ನು ಪತ್ತೆ ಹಚ್ಚಿದವಳು ಸಹನ. ಪ್ರಾಕ್ಟೀಸ್ ಮುಗಿಸಿ, ಬೆವರಿದ ಜರ್ಸಿಯಲ್ಲೇ ಇಡೀ ತಂಡವನ್ನು ಕಟ್ಟಿಕೊಂಡು ಮನೆ ಮನೆ ಅಲೆದು ಪಟ್ಟಿ ತಾಳೆ ನೋಡಿದ್ದಳು. ಹದಿನೆಂಟು ತುಂಬಿದವರನ್ನೆಲ್ಲ ಸೇರಿಸಿದ್ದಳು.

"ಒಂದು ಹೆಸರೂ ಅವನ ಕೈಗೆ ಸಿಗಬಾರದು ಕಣೇ," ಎನ್ನುತ್ತಿದ್ದಳು.

ಈಗ ಉಳಿದದ್ದು ಅವಳದೇ ಹೆಸರು. ಅದು ಅವನ ಕೈಗೆ ಸಿಕ್ಕರೆ ಅವಳು ಪಟ್ಟ ಪಾಡೆಲ್ಲ ಮಣ್ಣುಪಾಲು.

ಅಂಗನವಾಡಿ ಟೀಚರ್ ಶಾಮಲಮ್ಮನೇ ಊರಿನ ಮತದಾರರ ಪಟ್ಟಿಯನ್ನೂ ನೋಡಿಕೊಳ್ಳುತ್ತಿದ್ದರು. ರಮ್ಯ ಹೋದಾಗ ಬಾಗಿಲಿಗೆ ಬೀಗ ಹಾಕುವುದರಲ್ಲಿದ್ದರು.

"ನೀನ್ಯಾಕೆ ಬಂದೆ? ಸಹನಳ ಅಪ್ಪ ಬರಲಿಲ್ವಾ?"

"ಅವರ ಕೈಲಿ ಆಗಲ್ವಂತೆ. ನಾನೂ ಇದೇ ಊರಿನ ಓಟರ್ ಅಲ್ವಾ, ನಾನೇ ಕೊಡಬಹುದಂತೆ."

ಶಾಮಲಮ್ಮ ಬೀಗವನ್ನು ಪಕ್ಕಕ್ಕಿಟ್ಟು ಒಳಗೆ ಕರೆದರು. ರಮ್ಯ ಫೈಲು ಬಿಚ್ಚಿದಳು. ಅರ್ಜಿ ಕೊಟ್ಟಳು. ಸಹನಳ ಅಮ್ಮ ಮಡಿಸಿ ಕೊಟ್ಟಿದ್ದ ಸರ್ಟಿಫಿಕೇಟನ್ನು ಬಿಡಿಸದೆ ಹಾಗೇ ಕೊಟ್ಟಳು. ಕೊನೆಗೆ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೊ. ಅದರಲ್ಲಿ ಸಹನ ನಗು ತಡೆದುಕೊಂಡು ಕೂತಿದ್ದಳು.

"ಇದಕ್ಕೆ ಫೋಟೊ ಬೇಡ ಕಣಮ್ಮ. ನೀನೇ ಇಟ್ಕೋ."

ರಮ್ಯ ಇಟ್ಟುಕೊಂಡಳು. ಶಾಮಲಮ್ಮ ಕನ್ನಡಕ ಏರಿಸಿ ಅರ್ಜಿ ಓದಿದರು.

"ಕಾರಣ ಬರೆದೇ ಇಲ್ವಲ್ಲ?"

"ಕೈ ಬರಲಿಲ್ಲ ಟೀಚರ್."

"ನೀನೇ ಬರೀಬೇಕು," ಎಂದು ಅವರು ಪೆನ್ನು ಮುಂದೆ ಮಾಡಿದರು. ಐದಕ್ಕೆ ಇನ್ನು ಎರಡು ನಿಮಿಷವಿತ್ತು.

ಸಹನಳ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲು ಕಾರಣ ಕೇಳಿದ್ದ ಜಾಗದಲ್ಲಿ ರಮ್ಯ ಬರೆದಳು: ಮರಣ.