ಕಾಣದ ಬೆಸುಗೆ

"ತಗಡು ಕಿತ್ತು ಸೀಸೆಗೆ ಹಾಕಿದ್ರಲ್ಲ ಡಾಕ್ಟ್ರೇ, ಇನ್ನು ಇವಳ ದವಡೆ ಹಿಡ್ಕೊಳ್ಳೋದ್ಯಾರು, ನಿಮ್ಮಪ್ಪನಾ?" ಎಂದು ಕಮ್ಮಾರ ಸುಯುನ್‌ಬೈ ರೇಗಿದ. ಅವನ ಹೆಂಡತಿ ಬುರುಲ್ ಕುದುರೆಯಿಂದ ಬಿದ್ದು, ಕಿವಿಯ ಮುಂದಿನ ದವಡೆಕೀಲು ಮುರಿದುಕೊಂಡು ವರ್ಷವಾಗಿತ್ತು. ಆಗ ಎಲುಬಿಗೆ ತಿರುಪು ಹಾಕಿ ಕೂರಿಸಿದ್ದ ತಗಡನ್ನು ಈಗ ತೆಗೆದಿದ್ದರು. ಹಲ್ಲಿಗೆ ಹಿಡಿದು ಮೀಟುವ ಕಬ್ಬಿಣದ ಕೋಮುಜ್ ಅನ್ನು ನರೀನ್ ಕಣಿವೆಯಲ್ಲಿ ಅವಳಂತೆ ನುಡಿಸುವವರಿರಲಿಲ್ಲ. ಕೀಲು ಮತ್ತೆ ಬಿಟ್ಟೀತೆಂದು ಹೆದರಿ ಅವನು ಆ ವಾದ್ಯವನ್ನು ತನ್ನ ಜೇಬಿನಲ್ಲೇ ಬಚ್ಚಿಟ್ಟುಕೊಂಡಿದ್ದ.

ಡಾಕ್ಟರ್ ಗುಲ್ಜಾತ್ ಹೊಸ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ನೀವು ಕಮ್ಮಾರರಲ್ವಾ ಅಣ್ಣಾ? ಬೆಸುಗೆ ಎಲ್ಲಿದೆ, ತೋರ್ಸಿ."

ಯಾರ ಕುಲುಮೆಯ ಬೆಸುಗೆಯನ್ನಾದರೂ ಕಣ್ಣಲ್ಲೇ ಹಿಡಿಯುವವನು ಅವನು. ಎಲುಬಿನ ನೆರಳಿನ ಮೇಲೆ ಉಗುರಾಡಿಸಿದ. ತಿರುಪು ತೆಗೆದ ನಾಲ್ಕು ತೂತುಗಳು ಕಂಡವು. ಬೆಸುಗೆಯ ಗೆರೆ ಮಾತ್ರ ಎಲ್ಲೂ ಇರಲಿಲ್ಲ.

"ಯಾರು ಬೆಸೆದಿದ್ದು ಇದನ್ನ?"

"ತಗಡು ಬರೀ ಹಿಡ್ಕೊಂಡಿತ್ತು ಅಷ್ಟೆ. ಬೆಸ್ಕೊಂಡಿದ್ದು ಎಲುಬೇ. ಇನ್ನು ನುಡಿಸ್ಲಿ ಬಿಡಿ."

"ಬೆಂಕಿ ಇಲ್ದೇನಾ?" ಅವನ ದನಿ ಪಿಸುಮಾತಿಗೆ ಇಳಿದಿತ್ತು.

"ನಿನ್ನ ಬಾಯಿ ಬೆಂಕಿ ಸಾಲ್ದೇನೋ?" ಎಂದಳು ಬುರುಲ್.

ಅವನು ತಲೆಯ ಮೇಲಿನ ಟೋಪಿ ತೆಗೆದು, ಜೇಬಿನ ಕೋಮುಜ್ ಅನ್ನು ತೋಳಿಗೆ ಒರೆಸಿ, ಅವಳ ಅಂಗೈಯಲ್ಲಿಟ್ಟ.