ಸುಗಂಧರಾಜದ ಕುಂಡ

ಸೋಮವಾರ ಬೆಳಿಗ್ಗೆ ಆಕೆ ಸುಗಂಧರಾಜದ ಕುಂಡವನ್ನು ತಂದು, ಗಂಡ ಪೇಪರ್ ಓದುವ ಕುರ್ಚಿಯ ಪಕ್ಕದಲ್ಲೇ ಇಟ್ಟಳು. ಬೇಕೆಂದೇ ಇಟ್ಟಳು. ಆಗುವ ಜಗಳ ಇವತ್ತೇ ಆಗಿಹೋಗಲಿ ಎಂದುಕೊಂಡಳು.

ಗಂಡನಿಗೆ ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸುವ ಕೆಲಸ. ಅವನು ಮೂಸಿ ಸಹಿ ಹಾಕದೆ ಒಂದು ಸೋಪೂ ಗೇಟು ದಾಟುವಂತಿಲ್ಲ. ಮನೆಯಲ್ಲಿ ಘಮ ಇದ್ದರೆ ಮೂಗು ಕೆಡುತ್ತದೆ ಎಂದು ಇಪ್ಪತ್ತೆರಡು ವರ್ಷಗಳಿಂದ ಹೆಂಡತಿಗೆ ಪೌಡರಿಲ್ಲ, ಪರಿಮಳದ ಎಣ್ಣೆಯಿಲ್ಲ. ಅಂಗಳದಲ್ಲಿ ಬರೀ ದಾಸವಾಳ, ಕಾಗದದ ಹೂ, ಕ್ರೋಟನ್. ಅವಳು ತವರಿನಿಂದ ತಂದ ಮಲ್ಲಿಗೆ ಬಳ್ಳಿಯನ್ನು ಮಾರನೆಯ ದಿನವೇ ಪಕ್ಕದ ಮನೆಗೆ ಕೊಟ್ಟುಬಂದಿದ್ದ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರೆ. ಈ ಮನೆಯಲ್ಲಿ ಮೂಗೇ ಎಲ್ಲಕ್ಕಿಂತ ಭಾರ. ಅದನ್ನು ಹೊತ್ತು ಹೊತ್ತು ಅವಳಿಗೆ ಸಾಕಾಗಿಹೋಗಿತ್ತು.

ಸೋಮವಾರ ಅವನು ಪೇಪರ್ ಓದಿ ಎದ್ದುಹೋದ. ಮಂಗಳವಾರ ಇನ್ನೂ ನಾಲ್ಕು ಮೊಗ್ಗು ಬಿರಿದವು. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದಲೇ ಇದೇನು ಘಮ ಎಂದು ವಿಚಾರಿಸಿದಳು. ಬುಧವಾರವೂ ಗಂಡನ ಬಾಯಿಂದ ಒಂದು ಮಾತಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಜಗಳಕ್ಕೂ ತಾನು ಲಾಯಕ್ಕಿಲ್ಲವೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಗುರುವಾರ ಒಂದು ಹೂ ಕಿತ್ತು ಅವನ ಪೇಪರಿನ ಮೇಲೇ ಇಟ್ಟಳು.

"ರೀ, ನೀವು ಏನೂ ಹೇಳಲ್ವಾ?"

"ಚೆನ್ನಾಗಿದೆ. ಬೆಳ್ಳಗಿದೆ."

"ಬಣ್ಣ ಕೇಳಿದ್ನಾ ನಾನು?"

ಅವನು ಹೂವನ್ನು ಮೂಗಿನ ಹತ್ತಿರ ಹಿಡಿದು, ಕೆಲಸದಲ್ಲಿ ಮಾಡುವಂತೆ ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಕೆಳಗಿಟ್ಟ.

"ಮೂರು ತಿಂಗಳಾಯ್ತು ಕಣೇ. ಆ ಜ್ವರ ಬಂತಲ್ಲ, ಆಗಿನಿಂದ ಏನೂ ಗೊತ್ತಾಗ್ತಿಲ್ಲ."

ಅಷ್ಟು ದಿನವೂ ಅವನು ಕಣ್ಣು ಮುಚ್ಚಿ ಎಲ್ಲ ಸೋಪಿಗೂ ಸಹಿ ಹಾಕುತ್ತಿದ್ದನಂತೆ. ಹೋದ ವಾರ ಸೀಮೆಎಣ್ಣೆ ನಾತದ ಸೋಪು ಪಾಸಾಗಿ, ಲಾರಿಯ ಡ್ರೈವರ್ ಕೈಯಲ್ಲಿ ಸಿಕ್ಕಿಬಿದ್ದಿತ್ತು. ಇನ್ನೊಮ್ಮೆ ಹೀಗಾದರೆ ಮನೆಗೆ ಹೋಗಿ ಎಂದಿದ್ದರು ಮ್ಯಾನೇಜರು. ನಿವೃತ್ತಿಗೆ ಇನ್ನು ಎರಡೇ ವರ್ಷ. ಅವಳಿಗೆ ಇಪ್ಪತ್ತೆರಡು ವರ್ಷದ ಸಿಟ್ಟು ಎಲ್ಲಿ ಹೋಯಿತೋ, ಅಯ್ಯೋ ಪಾಪ ಅನಿಸಿಬಿಟ್ಟಿತು.

"ಸೋಪು ಮನೆಗೆ ತನ್ನಿ. ನಾನು ಮೂಸಿ ಹೇಳ್ತೀನಿ," ಎಂದಳು.

ಅಂದು ಸಂಜೆಯೇ ಹನ್ನೆರಡು ತುಂಡು ತಂದ. ಅವಳು ಒಂದೊಂದಾಗಿ ಮೂಸಿದಳು. ಐದನೆಯದರಲ್ಲಿ ಹಳಸಿದ ಎಣ್ಣೆಯ ವಾಸನೆ ಹಿಡಿದಳು. ಅವನು ಬರೆದುಕೊಂಡ. ಮೂರು ತಿಂಗಳ ನಂತರ ಅವನ ಮುಖದಲ್ಲಿ ಕಳೆ ಕಂಡು ಅವಳಿಗೂ ಖುಷಿಯಾಯಿತು.

ಬೆಳಿಗ್ಗೆ ಎದ್ದು ನೋಡಿದರೆ, ಅವನು ಸುಗಂಧರಾಜದ ಕುಂಡವನ್ನು ಎರಡೂ ಕೈಯಲ್ಲಿ ಹೊತ್ತು ಗೇಟಿನತ್ತ ಹೊರಟಿದ್ದ.

"ಎಲ್ಲಿಗ್ರೀ?"

"ಪಕ್ಕದ ಮನೆಗೆ. ಇನ್ಮೇಲೆ ನಿನ್ನ ಮೂಗು ಕೆಡಬಾರದು ನೋಡು."