ಹಿಂದಿನ ಸೀಟಿನ ಸೇವೆ

ಸಕ್ಕರೆ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಬೀದರಿನಿಂದ ನಮ್ಮೂರು ಮೈಸೂರಿನವರೆಗೆ ಬೈಕಿನಲ್ಲಿ ಹೊರಟಿದ್ದೆ. ನನಗೂ ಅದೇ ಕಾಯಿಲೆ. ಭಯವಿದ್ದದ್ದು ರಸ್ತೆಯ ಗುಂಡಿಗಳದ್ದಲ್ಲ, ಜನರ ಪ್ರೀತಿಯದ್ದು. ದೇಣಿಗೆ ಕೊಟ್ಟವರು ಬಾಯಿ ಸಿಹಿ ಮಾಡದೆ ಕಳಿಸುವುದಿಲ್ಲ; ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಗೆಳೆಯ ನಾಗಭೂಷಣ ತಾನಾಗಿಯೇ ಮುಂದೆ ಬಂದ.

"ಗಾಡಿ ನೀನು ಓಡ್ಸು, ಸ್ವೀಟು ನಾನು ನೋಡ್ಕೋತೀನಿ. ಒಳ್ಳೇ ಕೆಲಸಕ್ಕೆ ಅಷ್ಟೂ ಮಾಡಕ್ಕಾಗಲ್ವೇನೋ?"

ಮಾತಿಗೆ ತಪ್ಪಲಿಲ್ಲ. ಬೆಳಗಾವಿಯಲ್ಲಿ ಕುಂದಾ, ಧಾರವಾಡದಲ್ಲಿ ಪೇಡಾ, ಎಲ್ಲ ಕಡೆಯೂ ನನ್ನ ಪಾಲನ್ನೂ ಸೇರಿಸಿ ತಿಂದ. ದಾರಿಯುದ್ದಕ್ಕೂ ಬಾಟಲಿಗಟ್ಟಲೆ ನೀರು ಕುಡಿದ. ಮರ ಕಂಡಲ್ಲೆಲ್ಲ ಬೈಕು ನಿಲ್ಲಿಸು ಎಂದ.

"ಮತ್ತೆ ಬಂತೇನೋ?" ಎಂದು ರೇಗಿದೆ.

"ಬಿಸಿಲು ಕಣೋ, ನೀರು ಜಾಸ್ತಿ ಆಯ್ತು."

ಮೈಸೂರಿನಲ್ಲಿ ಸನ್ಮಾನ. ಸಂಘದ ಅಧ್ಯಕ್ಷರು ಮೈಸೂರು ಪಾಕಿನ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಎಂದಿನಂತೆ ಅದನ್ನು ನಾಗಭೂಷಣನ ಕೈಗೆ ದಾಟಿಸಿ ಮೈಕು ಹಿಡಿದೆ. "ಇವನು ನನಗಾಗಿ ತಿಂದಿದ್ದು ಅಷ್ಟಿಷ್ಟಲ್ಲ. ಇಂಥ ತ್ಯಾಗಜೀವಿ ಎಲ್ಲರಿಗೂ ಸಿಗಲ್ಲ!"

ಚಪ್ಪಾಳೆ ಬಿತ್ತು. ನಾಗಭೂಷಣ ಮಾತ್ರ ಯಾಕೋ ತಲೆ ತಗ್ಗಿಸಿದ. ಮೊದಲ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಸರಸರನೆ ವೇದಿಕೆ ಹತ್ತಿ ತಟ್ಟೆ ಕಿತ್ತುಕೊಂಡರು.

"ಅಯ್ಯೋ ಅಣ್ಣಾ, ಎಂಥ ಕೆಲಸ ಮಾಡಿದ್ರಿ! ಇವ್ರಿಗೆ ಶುಗರ್ ಅಂತ ಮನೇಲಿ ಸಕ್ಕರೆ ಡಬ್ಬಕ್ಕೇ ಬೀಗ ಹಾಕಿಟ್ಟಿದೀನಿ!"